ಅಂಗಡಿ ಮುಂದೆ ಕಿರುಚುವ ಮಗು, ಹತ್ತು ರೂಪಾಯಿ ಚಾಕೊಲೇಟ್: ಆಟಿಸಂ ಮಕ್ಕಳ ಸಿಟ್ಟಿಗೆ ಮದ್ದು ಎಲ್ಲಿದೆ?

ಹಾವೇರಿ: ಬೇಸಿಗೆ ರಜೆ ಮುಗಿದು ಶಾಲೆಗಳು ಶುರುವಾಗಿವೆ. ಇಷ್ಟು ದಿನ ಮನೆಯಲ್ಲಿ ಒಂದೇ ಥರ ದಿನ ಕಳೆದ ಮಕ್ಕಳಿಗೆ ಈಗ ಸಮವಸ್ತ್ರ, ಬಸ್ಸು, ಗಂಟೆ, ಹೊಸ ಟೀಚರು, ಹೊಸ ಬೆಂಚು. ಹೆಚ್ಚಿನ ಮಕ್ಕಳು ಒಂದು ವಾರದಲ್ಲಿ ಹೊಂದಿಕೊಳ್ತಾರೆ. ಆಟಿಸಂ ಇರುವ ಮಗುವಿಗೆ ಮಾತ್ರ ಇದು ಗುರುತು ಪರಿಚಯ ಇಲ್ಲದ ಊರಿಗೆ ತಂದು ಇಳಿಸಿದ ಹಾಗೆ. ಇಂಥ ಸಮಯದಲ್ಲಿ ಈ ಮಕ್ಕಳ ಕಿರುಚಾಟ, ಕಚ್ಚುವುದು, ವಸ್ತು ಎಸೆಯುವುದು, ತಲೆ ಚಚ್ಚಿಕೊಳ್ಳುವುದು ಜಾಸ್ತಿ ಆಗೋದು ಸಹಜ.

ಇದು ಮನೆಯೊಳಗೆ ಮಾತ್ರ ನಡೆಯುವುದಿಲ್ಲ. ಬಸ್ ನಿಲ್ದಾಣ, ಬೇಕರಿ, ಕಿರಾಣಿ ಅಂಗಡಿ, ಸಲೂನ್, ಸಂತೆ, ಎಲ್ಲ ಕಡೆ ನಡೆಯುತ್ತದೆ. ಅಲ್ಲಿ ನೆರೆದವರ ತೀರ್ಪು ಒಂದೇ: "ಏನ್ರೀ, ಹುಡುಗನ್ನ ಹದ್ದುಬಸ್ತಿನ್ಯಾಗ ಇಡಾಕ ಬರಾಂಗಿಲ್ಲೇನು?" ಒಬ್ಬರು ಎರಡು ಏಟು ಹಾಕಿ ಅಂತಾರೆ. ಇನ್ನೊಬ್ಬರು ಪಾಪ ಅಂತ ಡಬ್ಬಿಯಿಂದ ಒಂದು ಚಾಕೊಲೇಟ್ ತೆಗೆದು ಮಗುವಿನ ಕೈಗೆ ಇಡ್ತಾರೆ. ಬೈದವರಷ್ಟೇ ಅಲ್ಲ, ಚಾಕೊಲೇಟ್ ಕೊಟ್ಟವರೂ ತಮಗೆ ಗೊತ್ತಿಲ್ಲದೆ ಆ ತಾಯಿಯ ಕೆಲಸವನ್ನು ಕಷ್ಟ ಮಾಡಿರಬಹುದು. ಯಾಕೆಂದರೆ ಆಟಿಸಂ ಮಕ್ಕಳ ಸಿಟ್ಟಿಗೆ ಚೆನ್ನಾಗಿ ಪರೀಕ್ಷೆಯಾದ ಚಿಕಿತ್ಸೆಗಳಲ್ಲಿ ಒಂದು ನಡೆಯುವುದು ಆಸ್ಪತ್ರೆಯಲ್ಲಿ ಅಲ್ಲ. ಮಗುವಿನ ಸುತ್ತ ಇರುವ ದೊಡ್ಡವರು ಸಿಟ್ಟಿಗೆ ಮೊದಲು ಏನು ಮಾಡ್ತಾರೆ, ಸಿಟ್ಟು ಬಂದ ಮೇಲೆ ಏನು ಮಾಡ್ತಾರೆ ಅನ್ನೋದರಲ್ಲಿ ಅದು ನಡೆಯುತ್ತದೆ. ಆ ದೊಡ್ಡವರ ಪೈಕಿ ಅಂಗಡಿಕಾರರೂ ಇದ್ದಾರೆ.

ಇದು ಹಟವಲ್ಲ, ಹುಚ್ಚೂ ಅಲ್ಲ

ಆಟಿಸಂ ಅಥವಾ ಸ್ವಲೀನತೆ ಅಂದ್ರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಇದನ್ನು ವಿವರವಾಗಿ ದಾಖಲಿಸಿದರು. ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ 2021ರ ಅಂದಾಜು. ಆ ಲೆಕ್ಕದಲ್ಲಿ ದೊಡ್ಡ ಹಳ್ಳಿಯೊಂದರಲ್ಲೂ ಹಲವು ಮನೆಗಳ ಮಾತು ಇದು. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. 1995ರ ಹಳೆ ಕಾಯ್ದೆಯ ಏಳರ ಪಟ್ಟಿಯಲ್ಲಿ ಅದು ಇರಲಿಲ್ಲ.

ಆಟಿಸಂ ಇದೆ ಅಂತ ಹೇಳುವುದಕ್ಕೆ ವೈದ್ಯರು ನೋಡುವ ಮುಖ್ಯ ಲಕ್ಷಣ ಸಿಟ್ಟಲ್ಲ. ಜನರೊಡನೆ ಒಡನಾಟ ಮತ್ತು ಸಂವಹನದಲ್ಲಿ ತೊಡಕು, ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದು, ಬದಲಾವಣೆ ಸಹಿಸದಿರುವುದು, ಶಬ್ದ ಬೆಳಕು ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆ ಸ್ಪಂದಿಸುವುದು, ಇವು ಮುಖ್ಯ. ಸಿಟ್ಟು ಇವುಗಳ ಹಿಂದೆ ಬರುತ್ತದೆ. ಹೊಟ್ಟೆ ನೋವಾಗ್ತಿದೆ ಅಂತ ಹೇಳೋಕೆ ಬಾಯಿಲ್ಲ, ಮಿಕ್ಸರ್ ಸದ್ದು ಕಿವಿಗೆ ಮೊಳೆ ಹೊಡೆದ ಹಾಗಾಗುತ್ತೆ, ದಿನಾ ಹೋಗುವ ದಾರಿ ಬಿಟ್ಟು ಅಪ್ಪ ಬೇರೆ ಓಣಿಗೆ ಬೈಕ್ ತಿರುಗಿಸಿದ. ಮಾತಿನಲ್ಲಿ ಹೊರಬರದ್ದು ಕೈಯಲ್ಲಿ, ಹಲ್ಲಿನಲ್ಲಿ, ಕಿರುಚಾಟದಲ್ಲಿ ಹೊರಬರುತ್ತದೆ.

ಹಾಗಾಗಿ ಚಿಕಿತ್ಸೆ ಶುರುವಾಗುವುದು "ಈ ಸಿಟ್ಟನ್ನ ಹೇಗೆ ನಿಲ್ಲಿಸೋದು" ಅನ್ನೋ ಪ್ರಶ್ನೆಯಿಂದಲ್ಲ. "ಈ ಸಿಟ್ಟು ಏನು ಹೇಳ್ತಿದೆ" ಅನ್ನೋ ಪ್ರಶ್ನೆಯಿಂದ.

ಮೊದಲು ದೇಹ ನೋಡಬೇಕು

ಇದ್ದಕ್ಕಿದ್ದ ಹಾಗೆ ಸಿಟ್ಟು ಜಾಸ್ತಿಯಾದರೆ ಮೊದಲು ಹೋಗಬೇಕಾದ್ದು ಮಕ್ಕಳ ಡಾಕ್ಟರ ಹತ್ತಿರ. ಮಲಬದ್ಧತೆ, ಹಲ್ಲು ನೋವು, ಕಿವಿ ಸೋರುವುದು, ಹೊಟ್ಟೆ ಉರಿ, ನಿದ್ದೆ ಇಲ್ಲದಿರುವುದು ಆಟಿಸಂ ಮಕ್ಕಳಲ್ಲಿ ತುಂಬಾ ಸಲ ಸಿಟ್ಟಿನ ವೇಷದಲ್ಲಿ ಬರುತ್ತವೆ. ಮೂರ್ಛೆ ರೋಗವೂ ಈ ಮಕ್ಕಳಲ್ಲಿ ಬೇರೆ ಮಕ್ಕಳಿಗಿಂತ ಹೆಚ್ಚು. ಮೂರು ದಿನ ಹೊಟ್ಟೆ ಸರಿಯಾಗಿಲ್ಲದ ಮಗು ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದರೆ, ಅದಕ್ಕೆ ಬೇಕಾದ್ದು ಹೊಟ್ಟೆಯ ಔಷಧ. ಶಿಸ್ತು ಕಲಿಸೋದು ಆಮೇಲಿನ ಮಾತು.

ಉದ್ರಿ ಪುಸ್ತಕದ ಥರ ಒಂದು ಲೆಕ್ಕ

ದೇಹದಲ್ಲಿ ತೊಂದರೆ ಇಲ್ಲ ಅಂತ ಖಾತ್ರಿ ಆದ ಮೇಲೆ ವರ್ತನಾ ಚಿಕಿತ್ಸೆಯ ಕೆಲಸ. ಹೆಸರು ದೊಡ್ಡದು, ಮೊದಲ ಹೆಜ್ಜೆ ಸಣ್ಣದು. ಅಂಗಡಿಯ ಉದ್ರಿ ಪುಸ್ತಕದ ಹಾಗೆ ಒಂದು ನೋಟ್‌ಬುಕ್, ಅದರಲ್ಲಿ ಮೂರು ಗೆರೆ. ಸಿಟ್ಟಿಗೆ ಮೊದಲು ಏನಾಯ್ತು, ಮಗು ಏನು ಮಾಡ್ತು, ಆಮೇಲೆ ಏನಾಯ್ತು. ದಿನ ಮತ್ತು ಸಮಯದ ಸಮೇತ ಬರೆಯಬೇಕು. ಎರಡು ವಾರ ಬರೆದರೆ ಮನೆಯವರಿಗೇ ಒಂದು ಲೆಕ್ಕ ಕಾಣೋಕೆ ಶುರುವಾಗುತ್ತದೆ.

ಆ ಲೆಕ್ಕ ಸಾಮಾನ್ಯವಾಗಿ ನಾಲ್ಕು ಬಾಬ್ತಿಗೆ ಬಂದು ನಿಲ್ಲುತ್ತದೆ. ಒಂದು, ಮಗುವಿಗೆ ಏನೋ ಬೇಕು: ಬಿಸ್ಕತ್ತು, ಮೊಬೈಲು. ಎರಡು, ಯಾವುದೋ ಒಂದರಿಂದ ತಪ್ಪಿಸಿಕೊಳ್ಳಬೇಕು: ಹೋಂವರ್ಕು, ತಲೆ ಬಾಚುವುದು, ಗದ್ದಲ. ಮೂರು, ಯಾರಾದರೂ ತನ್ನ ಕಡೆ ನೋಡಬೇಕು. ನಾಲ್ಕು, ದೇಹಕ್ಕೆ ಆ ಕ್ರಿಯೆಯಿಂದಲೇ ಏನೋ ಸಮಾಧಾನ ಸಿಗುತ್ತಿದೆ. ಹೊರಗಿನಿಂದ ನೋಡಿದರೆ ನಾಲ್ಕೂ ಕಡೆ ಅದೇ ಕಿರುಚಾಟ. ಒಳಗಿನ ಕಾರಣ ಬೇರೆ, ಹಾಗಾಗಿ ಪರಿಹಾರವೂ ಬೇರೆ. ಹೋಂವರ್ಕಿನಿಂದ ತಪ್ಪಿಸಿಕೊಳ್ಳಲು ಪುಸ್ತಕ ಹರಿಯುವ ಮಗುವಿಗೆ "ಹೋಗು, ಮೂಲೆಯಲ್ಲಿ ಕೂರು" ಅಂತ ಶಿಕ್ಷೆ ಕೊಟ್ಟರೆ ಅದಕ್ಕೆ ಬೇಕಾದ್ದನ್ನೇ ಕೊಟ್ಟ ಹಾಗಾಯ್ತು. ಪುಸ್ತಕ ತಪ್ಪಿತು, ನಾಳೆ ಮತ್ತೆ ಹರಿಯುತ್ತದೆ.

ಹತ್ತು ರೂಪಾಯಿ ಚಾಕೊಲೇಟಿನ ಲೆಕ್ಕ

ಈಗ ಅಂಗಡಿಗೆ ಬರೋಣ. ಮಗು ಗಾಜಿನ ಡಬ್ಬಿ ತೋರಿಸುತ್ತದೆ. ತಾಯಿ ಬೇಡ ಅನ್ನುತ್ತಾಳೆ. ಮಗು ನೆಲಕ್ಕೆ ಬಿದ್ದು ಕಿರುಚುತ್ತದೆ. ಗಿರಾಕಿಗಳು ತಿರುಗಿ ನೋಡ್ತಾರೆ. ಅಂಗಡಿಕಾರ ಚಾಕೊಲೇಟ್ ಕೊಡ್ತಾನೆ, ದುಡ್ಡು ಬೇಡ ಅಂತಾನೆ. ಮಗು ಸುಮ್ಮನಾಗುತ್ತದೆ. ಎಲ್ಲರಿಗೂ ನೆಮ್ಮದಿ.

ಆದರೆ ಮಗುವಿನ ಪುಸ್ತಕದಲ್ಲಿ ಏನು ದಾಖಲಾಯಿತು? ಕೈ ತೋರಿಸಿದರೆ ಸಿಗಲಿಲ್ಲ, ನೆಲಕ್ಕೆ ಬಿದ್ದರೆ ಸಿಕ್ಕಿತು. ಮುಂದಿನ ಸಲ ಅದು ಕೈ ತೋರಿಸುವುದರಲ್ಲಿ ಟೈಮ್ ವೇಸ್ಟ್ ಮಾಡುವುದಿಲ್ಲ, ನೇರ ನೆಲಕ್ಕೆ ಬೀಳುತ್ತದೆ.

ಇನ್ನೂ ಒಂದು ಕಷ್ಟ ಇದೆ. ತಾಯಿ ಹತ್ತು ಸಲ ಗಟ್ಟಿ ಮನಸ್ಸು ಮಾಡಿ ಕೊಡದೆ ಇದ್ದು, ಹನ್ನೊಂದನೇ ಸಲ ಬೇರೆ ಯಾರೋ ಕೊಟ್ಟರೆ, ಆ ನಡವಳಿಕೆ ಇನ್ನೂ ಗಟ್ಟಿಯಾಗುತ್ತದೆ. ಮಟ್ಕಾ ಆಡುವವರನ್ನು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ದಿನಾ ಗೆದ್ದರೆ ಯಾರಿಗೂ ಅಷ್ಟು ಚಟ ಹತ್ತುವುದಿಲ್ಲ. ಯಾವಾಗ ಹತ್ತುತ್ತೋ ಗೊತ್ತಿಲ್ಲ, ಆದರೆ ಒಮ್ಮೊಮ್ಮೆ ಹತ್ತುತ್ತೆ ಅನ್ನೋದೇ ಮನುಷ್ಯನನ್ನು ಹಿಡಿದಿಡುತ್ತದೆ. ಮಕ್ಕಳ ವಿಷಯದಲ್ಲೂ ಹಾಗೇ.

ಸಿಟ್ಟಿಗೆ ಬೇಕಾದ್ದು ಕೊಡುವುದನ್ನು ನಿಲ್ಲಿಸಿದ ಕೂಡಲೇ ಕಿರುಚಾಟ ಕಡಿಮೆ ಆಗುವುದಿಲ್ಲ, ಮೊದಲು ಜೋರಾಗುತ್ತದೆ. ದೀಪ ಆರುವ ಮುಂಚೆ ಭುಗ್ಗನೆ ಉರಿಯುವ ಹಾಗೆ. ತಂದೆ ತಾಯಿ ಕೈ ಚೆಲ್ಲುವುದು ಹೆಚ್ಚಾಗಿ ಇಲ್ಲೇ. "ಏನೂ ಉಪಯೋಗ ಆಗ್ತಿಲ್ಲ" ಅಂತ ಬಿಟ್ಟುಬಿಡ್ತಾರೆ. ಆ ದಿನಗಳಲ್ಲಿ ಊರಿನವರು ಸ್ವಲ್ಪ ಸಹಿಸಿಕೊಂಡರೆ ಅದೇ ದೊಡ್ಡ ಉಪಕಾರ.

ಸುಮ್ಮನೆ ಕೊಡದೇ ಇದ್ದರೂ ಸಾಲದು. ಕಿರುಚಾಟದ ಜಾಗಕ್ಕೆ ಬೇರೆ ದಾರಿ ಕೊಡಬೇಕು. 1985ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇದನ್ನೇ ತೋರಿಸಿದರು. ಮಗು ಯಾವ ಕಾರಣಕ್ಕೆ ರಂಪ ಮಾಡ್ತಿದೆಯೋ ಅದೇ ಕಾರಣವನ್ನು ಹೇಳುವ ಸುಲಭದ ಸಂಜ್ಞೆ ಅಥವಾ ಮಾತು ಕಲಿಸಿದರೆ ರಂಪ ಇಳಿಯುತ್ತದೆ. ಮಾತು ಬಾರದ ಮಗುವಿಗೆ ಒಂದು ಚಿತ್ರದ ಕಾರ್ಡು ಸಾಕು. "ಬೇಕು" ಅನ್ನುವ ಕಾರ್ಡು, "ಸಾಕು" ಅನ್ನುವ ಕಾರ್ಡು, "ಹೊರಗೆ ಹೋಗೋಣ" ಅನ್ನುವ ಕಾರ್ಡು. ಕಾರ್ಡು ಕೊಟ್ಟ ತಕ್ಷಣ ಶುರುವಿನಲ್ಲಿ ಪ್ರತಿ ಸಲವೂ ಫಲ ಸಿಗಬೇಕು. ಕಿರುಚುವುದಕ್ಕಿಂತ ಕಾರ್ಡು ಬೇಗ ಕೆಲಸ ಮಾಡುತ್ತೆ ಅಂತ ಮಗುವಿಗೆ ಅನುಭವಕ್ಕೆ ಬರಬೇಕು. ಕಾಯುವುದನ್ನು ಕಲಿಸುವುದು ಆಮೇಲೆ, ಮೊದಲು ಅರ್ಧ ನಿಮಿಷ, ನಂತರ ಎರಡು ನಿಮಿಷ.

ಸಂತೆ ದಿನದ ಕಿರುಚಾಟ ಬೇರೆ

ಎಲ್ಲ ಕಿರುಚಾಟವೂ ಬೇಡಿಕೆ ಅಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರಿರುವ ದಿನ ಹೋದವರಿಗೆ ಗೊತ್ತು. ಲಾರಿ ಹಾರನ್, ಹಮಾಲರ ಕೂಗು, ಕಣ್ಣು ಮೂಗಿಗೆ ಏರುವ ಘಾಟು. ದೊಡ್ಡವರಿಗೇ ತಲೆ ಗಿರ್ ಅನ್ನುತ್ತೆ. ಶಬ್ದ, ವಾಸನೆಗೆ ಅತಿ ಸೂಕ್ಷ್ಮವಾಗಿರುವ ಮಗುವನ್ನು ಅಲ್ಲಿ ನಿಲ್ಲಿಸಿದರೆ ಅದರ ತಲೆ ತುಂಬಿ ತುಳುಕುತ್ತದೆ. ಕಿವಿ ಮುಚ್ಚಿಕೊಳ್ಳುತ್ತದೆ, ಓಡಲು ನೋಡುತ್ತದೆ, ಹಿಡಿದರೆ ಕಚ್ಚುತ್ತದೆ. ಜಾತ್ರೆಯ ಪಟಾಕಿ, ಮದುವೆಯ ಡಿಜೆ, ಗಣಪತಿ ಮೆರವಣಿಗೆ, ಕರೆಂಟ್ ಹೋದಾಗ ಗುಡುಗುವ ಜನರೇಟರ್, ಎಲ್ಲ ಇದೇ ಲೆಕ್ಕ.

ಎರಡನ್ನೂ ಗುರುತಿಸುವುದು ಹೇಗೆ? ಬೇಡಿಕೆಯ ರಂಪದಲ್ಲಿ ಬೇಕಾದ್ದು ಸಿಕ್ಕ ಕೂಡಲೇ ಮಗು ಹೆಚ್ಚಾಗಿ ನಿಲ್ಲಿಸುತ್ತದೆ, ನಡುನಡುವೆ ಯಾರಾದರೂ ನೋಡ್ತಾರಾ ಅಂತ ಗಮನಿಸುತ್ತದೆ. ತಲೆ ತುಂಬಿ ಬಂದ ಸ್ಫೋಟದಲ್ಲಿ ಮಗುವಿಗೆ ಯಾರು ನೋಡಿದರೂ ಬಿಟ್ಟರೂ ಒಂದೇ. ಚಾಕೊಲೇಟ್ ಕೊಟ್ಟರೂ ಎಸೆಯುತ್ತದೆ. ಅಂಥ ಹೊತ್ತಿನಲ್ಲಿ ಪಾಠ ಹೇಳಬಾರದು, ಪ್ರಶ್ನೆ ಕೇಳಬಾರದು, ಸುತ್ತ ಗುಂಪು ಸೇರಬಾರದು. ಶಬ್ದ ಕಡಿಮೆ ಮಾಡಿ, ಸ್ವಲ್ಪ ಜಾಗ ಮಾಡಿಕೊಟ್ಟು, ಗಾಜು, ಕಲ್ಲು, ಚೂಪಾದ ವಸ್ತುಗಳನ್ನು ದೂರ ಸರಿಸಿ, ಮಗು ತಾನಾಗೇ ತಣ್ಣಗಾಗುವವರೆಗೆ ಕಾಯುವುದೊಂದೇ ದಾರಿ. ಇಲ್ಲಿ ಗದ್ದಲದಿಂದ ಹೊರಗೆ ಕರೆದೊಯ್ಯುವುದು ಸೋಲಲ್ಲ. ಅದೇ ಸರಿಯಾದ ಕ್ರಮ.

ಸಂಶೋಧನೆ ಹೇಳುವುದೇನು

ಇದೆಲ್ಲ ಅಜ್ಜಿ ಮದ್ದಿನ ಥರ ಬಾಯಿಮಾತಿನ ವಿಷಯ ಅಲ್ಲ. 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಟಿಸಂ ಜೊತೆ ವರ್ತನೆಯ ತೊಂದರೆ ಇದ್ದ 3ರಿಂದ 7 ವರ್ಷದ 180 ಮಕ್ಕಳ ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ತಂದೆ ತಾಯಿಗೆ 24 ವಾರಗಳಲ್ಲಿ 11 ಮುಖ್ಯ ಪಾಠಗಳ ಮೂಲಕ ಸಿಟ್ಟು ನಿಭಾಯಿಸುವ ವಿಧಾನ ಕಲಿಸಿದರು, ಮನೆಗೂ ಹೋಗಿ ನೋಡಿದರು. ಇನ್ನೊಂದು ಗುಂಪಿಗೆ ಅಷ್ಟೇ ಅವಧಿ ಆಟಿಸಂ ಬಗ್ಗೆ ಮಾಹಿತಿ ಕೊಟ್ಟರು, ವಿಧಾನ ಕಲಿಸಲಿಲ್ಲ.

ತಂದೆ ತಾಯಿ ತುಂಬಿದ ಪಟ್ಟಿಯ ಪ್ರಕಾರ ಮೊದಲ ಗುಂಪಿನಲ್ಲಿ ಸಿಡುಕಿನ ಅಂಕ ಶೇ 47.7ರಷ್ಟು ಇಳಿಯಿತು, ಎರಡನೆಯದರಲ್ಲಿ ಶೇ 31.8. ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಪರೀಕ್ಷಕರು ನೋಡಿದಾಗಲೂ ವಿಧಾನ ಕಲಿತವರ ಮಕ್ಕಳಲ್ಲಿ ಶೇ 68.5ರಷ್ಟು ಮಂದಿಗೆ ಒಳ್ಳೆಯ ಸುಧಾರಣೆ ಕಂಡಿತು, ಇನ್ನೊಂದು ಕಡೆ ಶೇ 39.6. ಇಷ್ಟರಿಂದ ಪವಾಡ ಆಯ್ತು ಅನ್ನುವಂತಿಲ್ಲ. ಅಂಕಗಳ ವ್ಯತ್ಯಾಸ ತಾವು ಮೊದಲೇ ಹಾಕಿಕೊಂಡ ಗುರಿಗಿಂತ ಕಡಿಮೆ ಇತ್ತು ಅಂತ ಸಂಶೋಧಕರೇ ಬರೆದಿದ್ದಾರೆ. ಆದರೂ ತಿಳಿಯಬೇಕಾದ್ದು ಒಂದಿದೆ. ಆಟಿಸಂ ಅಂದ್ರೇನು ಅಂತ ಗೊತ್ತಿರುವುದು ಬೇರೆ, ರಂಪ ಬಂದ ಗಳಿಗೆಯಲ್ಲಿ ಏನು ಮಾಡಬೇಕು ಅಂತ ಅಭ್ಯಾಸ ಇರುವುದು ಬೇರೆ.

"ಅದು ಅಮೆರಿಕ, ಇಲ್ಲಿ ಯಾರಿದ್ದಾರೆ ಕಲಿಸೋಕೆ" ಅನ್ನೋದು ನ್ಯಾಯವಾದ ಪ್ರಶ್ನೆ. ಉತ್ತರದ ಒಂದು ಭಾಗ ಪಕ್ಕದ ಗೋವಾದಲ್ಲಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ, 65 ಆಟಿಸಂ ಮಕ್ಕಳಿದ್ದ ಅಧ್ಯಯನದಲ್ಲಿ ತಂದೆ ತಾಯಿಗೆ ತರಬೇತಿ ಕೊಟ್ಟವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು. ಅದರ ಗುರಿ ಸಿಟ್ಟಲ್ಲ, ಮಗುವಿನೊಡನೆ ಸಂವಹನ. ಅಲ್ಲಿ ತಂದೆ ತಾಯಿ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗೇ ಮುಂದೆ ಬಂದು ಸಂವಹನ ಮಾಡುವುದು ಹೆಚ್ಚಿತು. ತಜ್ಞರ ಮೇಲ್ವಿಚಾರಣೆ ಇದ್ದರೆ ಊರಿನವರೇ ಊರಿನವರಿಗೆ ಕಲಿಸಬಹುದು ಅನ್ನೋದಕ್ಕೆ ಅಷ್ಟು ಆಧಾರ ಸಾಕು.

ಗುಳಿಗೆ ಬೇಡವೇ?

ಬೇಡ ಅಂತ ಹೇಳೋಕೆ ಆಗಲ್ಲ. ಆಟಿಸಂ ಮಕ್ಕಳ ತೀವ್ರ ಸಿಡುಕಿಗೆ ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್ ಒಪ್ಪಿದ್ದಾರೆ. 2002ರಲ್ಲಿ ಪ್ರಕಟವಾದ 101 ಮಕ್ಕಳ ಅಧ್ಯಯನದಲ್ಲಿ ಎಂಟು ವಾರಕ್ಕೆ ರಿಸ್ಪೆರಿಡೋನ್ ಪಡೆದವರ ಸಿಡುಕಿನ ಅಂಕ ಶೇ 56.9ರಷ್ಟು ಇಳಿದರೆ, ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಶೇ 14.1 ಮಾತ್ರ. ಕೆಲಸ ಮಾಡುತ್ತೆ, ಅನುಮಾನ ಇಲ್ಲ. ಆದರೆ ಅದೇ ಎಂಟು ವಾರದಲ್ಲಿ ಔಷಧ ಪಡೆದ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತು. ಹಸಿವು, ಮಂಪರು, ಮುಂದೆ ಸಕ್ಕರೆ ಅಂಶದ ಏರುಪೇರು, ಇವೆಲ್ಲ ಗಮನದಲ್ಲಿ ಇಡಬೇಕಾದ ಅಡ್ಡ ಪರಿಣಾಮಗಳು.

ಗುಳಿಗೆ ಸಿಟ್ಟಿನ ಬಿಸಿ ಇಳಿಸುತ್ತದೆ, "ಬೇಕು" ಅನ್ನೋ ಕಾರ್ಡು ಕೊಡೋದನ್ನ ಕಲಿಸುವುದಿಲ್ಲ. 2009ರಲ್ಲಿ ಪ್ರಕಟವಾದ 124 ಮಕ್ಕಳ ಅಧ್ಯಯನ ಔಷಧ ಒಂದನ್ನೇ ಮತ್ತು ಔಷಧದ ಜೊತೆ ಪೋಷಕರ ತರಬೇತಿಯನ್ನು ಹೋಲಿಸಿತು. ಎರಡೂ ಸೇರಿದಾಗ ಫಲ ಹೆಚ್ಚು, ಬೇಕಾದ ಔಷಧದ ಪ್ರಮಾಣವೂ ಸ್ವಲ್ಪ ಕಡಿಮೆ. ಮಗು ತನಗೋ ಬೇರೆಯವರಿಗೋ ಗಾಯ ಮಾಡುವ ಮಟ್ಟದ ಸಿಟ್ಟು ಇದ್ದಾಗ, ತರಬೇತಿಗೆ ಬಗ್ಗದಿದ್ದಾಗ, ಮನೋವೈದ್ಯರು ಔಷಧ ಶುರು ಮಾಡ್ತಾರೆ. ತಾವಾಗೇ ಶುರು ಮಾಡಬಾರದು, ತಾವಾಗೇ ನಿಲ್ಲಿಸಲೂಬಾರದು. ಮೆಡಿಕಲ್ ಶಾಪಿನವರಿಗೂ ಇದು ಅನ್ವಯ. ಹಳೆ ಚೀಟಿ ತೋರಿಸಿ "ಅದೇ ಸಿರಪ್ ಕೊಡ್ರಿ, ಹುಡುಗ ಮಲಗ್ತಿಲ್ಲ" ಅಂದರೆ ಕೊಡುವಂತಿಲ್ಲ. ಆ ಮನೆಯವರನ್ನು ವೈದ್ಯರ ಬಳಿಗೆ ಕಳಿಸಬೇಕು.

ಏಟೂ ಬೇಡ, ಮೋಸವೂ ಬೇಡ

ಹೊಡೆದರೆ ಮಗು ಆ ಕ್ಷಣಕ್ಕೆ ಸ್ತಬ್ಧ ಆಗಬಹುದು. ಆದರೆ ಬಲ ಇದ್ದವನು ಹೊಡೆಯಬಹುದು ಅನ್ನೋದೇ ಅದರ ಪಾಠ. ಮಗು ಹದಿಮೂರು ಹದಿನಾಲ್ಕಕ್ಕೆ ಬಂದು ತಾಯಿಗಿಂತ ಎತ್ತರ ಆದ ದಿನ ಆ ಪಾಠ ತಿರುಗಿ ಬರುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ.

ವರ್ತನಾ ಚಿಕಿತ್ಸೆಯ ಇತಿಹಾಸದಲ್ಲೂ ಕಪ್ಪು ಚುಕ್ಕೆ ಇದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇವಾರ್ ಲೋವಾಸ್ ಅವರ ಪ್ರಯೋಗಗಳಲ್ಲಿ ಏಟು ಮತ್ತು ವಿದ್ಯುತ್ ಶಾಕ್ ಬಳಕೆಯಾಗಿತ್ತು. ಆಟಿಸಂ ಇರುವ ದೊಡ್ಡವರು ಇವತ್ತು ಎತ್ತುವ ಆಕ್ಷೇಪವೂ ಕೇಳುವಂಥದ್ದು: ಕೈ ಬೀಸುವುದು, ತೂಗಾಡುವುದು, ಕಣ್ಣು ತಪ್ಪಿಸುವುದು ಯಾರಿಗೂ ತೊಂದರೆ ಕೊಡದಿದ್ದರೂ ಬಲವಂತವಾಗಿ ನಿಲ್ಲಿಸಿ ಮಗುವನ್ನು ಬೇರೆಯವರ ಹಾಗೆ ಕಾಣಿಸುವುದೇ ಗುರಿ ಆಗಬಾರದು. ಗುರಿ ಗಾಯ ತಪ್ಪಿಸುವುದು, ಮಗುವಿಗೆ ಹೇಳಿಕೊಳ್ಳುವ ದಾರಿ ಕೊಡುವುದು.

ಇನ್ನು "ಪೂರ್ತಿ ವಾಸಿ" ಮಾಡ್ತೀವಿ ಅನ್ನುವ ಜಾಹೀರಾತುಗಳು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಹೊಲ ಅಡ ಇಟ್ಟು ಲಕ್ಷಗಟ್ಟಲೆ ಸುರಿಯುವ ಮೊದಲು ಕುಟುಂಬಗಳು ಇದನ್ನು ತಿಳಿದಿರಬೇಕು.

ಜಿಲ್ಲೆಯಿಂದ ಎಷ್ಟು ದೂರ

ಬೆಂಗಳೂರಿನ ನಿಮ್ಹಾನ್ಸ್ ಹಾವೇರಿಯಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇನ್ನೂ ದೂರ. ಧಾರವಾಡದ ಡಿಮ್ಹಾನ್ಸ್ ಹತ್ತಿರ, ಆದರೂ ಹಿರೇಕೆರೂರು ಕಡೆಯ ಹಳ್ಳಿಯಿಂದ ಹೋಗಿ ಬರುವುದಕ್ಕೆ ಒಂದು ದಿನ ಪೂರ್ತಿ. ವಾರಕ್ಕೊಮ್ಮೆ ಥೆರಪಿ ಅಂದ್ರೆ ವಾರಕ್ಕೊಂದು ದಿನದ ಕೂಲಿ ಹೋಯ್ತು ಅಥವಾ ಅಂಗಡಿ ಬಾಗಿಲು ಹಾಕಿದ ಹಾಗೆ. ಜೊತೆಗೆ ಬಸ್ಸಿನಲ್ಲಿ ಕಿರುಚುವ ಮಗು. ಮೂರ್ನಾಲ್ಕು ಸಲ ಹೋಗಿ ಕುಟುಂಬ ನಿಲ್ಲಿಸಿಬಿಟ್ಟರೆ ಅದನ್ನು ನಿರ್ಲಕ್ಷ್ಯ ಅನ್ನುವುದು ಅನ್ಯಾಯ.

ಕಾಗದದ ಮೇಲೆ ಹತ್ತಿರದ ವ್ಯವಸ್ಥೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳ ತಪಾಸಣೆ ಮಾಡಿ, ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು ಅನ್ನೋದು ಅದರ ಯೋಜನೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಇದೆ. ತಾಲ್ಲೂಕು ಪಂಚಾಯಿತಿ ಮಟ್ಟದಲ್ಲಿ ಎಂಆರ್‌ಡಬ್ಲ್ಯೂ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಮನಸ್ಸಿನ ಸಮಸ್ಯೆಗೆ 14416 ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನಷ್ಟೇ ದಣಿದ ತಂದೆ ತಾಯಿಯೂ ಕರೆ ಮಾಡಬಹುದು.

ಹಣದ ದಾರಿಗಳೂ ಇವೆ. ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡು ಮಾಡಿಸಿದರೆ ಮಿಕ್ಕ ಬಾಗಿಲು ತೆರೆಯುತ್ತವೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಆಟಿಸಂ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಅದರ ವ್ಯಾಪ್ತಿಯಲ್ಲಿದೆ. "ಮಗನಿಗೆ ಅಂಗವಿಕಲ ಅಂತ ಹೆಸರು ಬೀಳುತ್ತೆ" ಅನ್ನುವ ಅಂಜಿಕೆಗೆ ಕಾರ್ಡು ಮಾಡಿಸದೆ ಕುಳಿತರೆ ನಷ್ಟ ಆಗುವುದು ಮಗುವಿಗೇ.

ಕೊರತೆ ಇರುವುದು ಈ ಎಲ್ಲ ಕೊಂಡಿಗಳ ನಡುವೆ. ತಪಾಸಣೆ ಒಂದು ಇಲಾಖೆ, ಶಾಲೆ ಇನ್ನೊಂದು, ಪಿಂಚಣಿ ಮತ್ತೊಂದು. ಪೋಷಕರಿಗೆ ಮನೆಯಲ್ಲಿ ಏನು ಮಾಡಬೇಕು ಅಂತ ಕಲಿಸುವುದು ಯಾರ ಕೆಲಸ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವ ಸ್ಥಿತಿ ಬರಬಾರದು. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ತಿಂಗಳಿಗೆ ಒಂದು ನಿಗದಿತ ದಿನ, ಸಂತೆ ಇಲ್ಲದ ದಿನ, ಪೋಷಕರ ತರಬೇತಿ ನಡೆದರೆ ವರ್ಷಕ್ಕೆ ಹನ್ನೆರಡು ಪಾಠ ಆಗುತ್ತದೆ. ಹೊಸ ಕಟ್ಟಡ ಬೇಡ. ಬಿಐಇಆರ್‌ಟಿ ಶಿಕ್ಷಕರು, ಪುನರ್ವಸತಿ ಕಾರ್ಯಕರ್ತರು ಕೂತು, ಜಿಲ್ಲೆಯ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ವಿಡಿಯೋ ಕರೆಯಲ್ಲಿ ಮೇಲ್ವಿಚಾರಣೆ ಮಾಡಿದರೂ ಶುರು ಮಾಡಬಹುದು. ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಅಂಗಡಿಕಾರರ ಪಾಲು

ಅಲ್ಲಿಯವರೆಗೆ ಅಂಗಡಿ ಬೀದಿ ಮಾಡಬಹುದಾದ್ದು ಏನು? ಖರ್ಚಿಲ್ಲದ ಕೆಲವು ಕೆಲಸಗಳಿವೆ.

ಮಗು ರಂಪ ಮಾಡಿದಾಗ ತಾಯಿ ಕೇಳದೆ ಏನನ್ನೂ ಕೊಡಬಾರದು. "ಏನ್ ಮಾಡ್ಲಿ, ಹೇಳಿ" ಅಂತ ಮೆಲ್ಲಗೆ ಕೇಳಿದರೆ ಸಾಕು. ಮಗು ಸಮಾಧಾನದಿಂದ ಕೈ ತೋರಿಸಿದಾಗ, ಕಾರ್ಡು ಕೊಟ್ಟಾಗ, ತಾಯಿ ಒಪ್ಪಿದರೆ, ಆಗ ಬೇಗ ಕೊಡಬೇಕು. ಅದೇ ಚಾಕೊಲೇಟ್, ಅದೇ ಹತ್ತು ರೂಪಾಯಿ. ಕಿರುಚುವ ಮುಂಚೆ ಕೊಟ್ಟರೆ ಪಾಠ, ಕಿರುಚಿದ ಮೇಲೆ ಕೊಟ್ಟರೆ ಚಟ.

ಅಂಥ ಕುಟುಂಬ ಬಂದಾಗ ಸಾಲು ಬಿಟ್ಟು ಮೊದಲು ಸಾಮಾನು ಕಟ್ಟಿಕೊಡಬಹುದು. ಯಾವ ಹೊತ್ತಿಗೆ ಗಿರಾಕಿ ಕಡಿಮೆ ಅಂತ ಹೇಳಿದರೆ ಅವರು ಆ ಹೊತ್ತಿಗೇ ಬರ್ತಾರೆ. ಸಲೂನಿನವರು ಮಷಿನ್ ಆನ್ ಮಾಡುವ ಮೊದಲು ತೋರಿಸಿ, ಸದ್ದು ಕೇಳಿಸಿ, ಬೇಡ ಅಂದರೆ ಕತ್ತರಿಯಲ್ಲೇ ಅರ್ಧ ತಲೆ ಇವತ್ತು, ಅರ್ಧ ನಾಳೆ ಮಾಡಿದರೂ ತಪ್ಪಿಲ್ಲ. ಬಟ್ಟೆ ಅಂಗಡಿಯವರು ಹಾಡಿನ ಸ್ಪೀಕರ್ ಐದು ನಿಮಿಷ ಕಡಿಮೆ ಮಾಡಬಹುದು. ನಿಂತು ನೋಡುವವರಿಗೆ "ನಡೀರಿ, ನಡೀರಿ" ಅನ್ನೋಕೆ ಅಂಗಡಿಕಾರನ ಬಾಯಿಗಿಂತ ದೊಡ್ಡದಿಲ್ಲ. ಮೊಬೈಲ್ ಎತ್ತಿ ವಿಡಿಯೋ ಮಾಡುವವರನ್ನು ತಡೆಯುವುದೂ ಅದರಲ್ಲೇ ಬಂತು.

ಕಾನೂನೂ ಒಂದು ಮಾತು ಹೇಳುತ್ತದೆ. 2016ರ ಕಾಯ್ದೆಯ 92ನೇ ಕಲಂ ಪ್ರಕಾರ ಅಂಗವೈಕಲ್ಯ ಇರುವವರನ್ನು ಸಾರ್ವಜನಿಕವಾಗಿ, ಬೇಕಂತಲೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಆದರೆ ಕಾನೂನಿನ ಹೆದರಿಕೆಗಿಂತ ವ್ಯಾಪಾರದ ಲೆಕ್ಕವೇ ಇಲ್ಲಿ ಸುಲಭ. ಹೊರಗೆ ಹೋದರೆ ಜನ ನೋಡ್ತಾರೆ ಅಂತ ಮನೆಯೊಳಗೇ ಉಳಿದ ಕುಟುಂಬ ಅಂಗಡಿಗೂ ಬರುವುದಿಲ್ಲ, ಆ ಮಗು ಹೊರಗಿನ ಲೋಕವನ್ನು ಕಲಿಯುವುದೂ ಇಲ್ಲ. ಕಾಯುವುದು, ಕೇಳುವುದು, ದುಡ್ಡು ಕೊಟ್ಟು ತೆಗೆದುಕೊಳ್ಳುವುದು, ಇವನ್ನೆಲ್ಲ ಅದು ಕಲಿಯಬೇಕಾದ್ದು ಓಣಿಯ ಅಂಗಡಿಯಲ್ಲೇ. ಯಾವ ದೊಡ್ಡ ಆಸ್ಪತ್ರೆಯೂ ಅದಕ್ಕೆ ಬದಲಿ ಅಲ್ಲ.